‘ಯಾವ ಮಾಡೆಲ್‌ರೀ?’ ಅಂದರೆ ತಂಬೂರ ಮಾತಾಡುತ್ತದೆ

ತಂಬೂರದ ಕೆರೆಯ ಕಡೆ ಹೋಗುವ ದಾರಿಯ ಬದಿಗೆ, ಮರದ ಬುಡದಲ್ಲಿ, ಒಂದು ಲಾರಿ ಇತ್ತು. ಮುಂದಕ್ಕೆ ಮೂತಿ ಚಾಚಿದ ಹಳೆಯ ಗಾಡಿ. ಹಿಂದಿನ ಗಾಲಿಗಳ ಜಾಗದಲ್ಲಿ ಕಲ್ಲು ಪೇರಿಸಿದ್ದರು. ಬಾನೆಟ್ಟಿನ ಮೇಲೆ ಯಾರದೋ ಗೋವಿನಜೋಳದ ತೆನೆ ಒಣಗುತ್ತಿದ್ದವು. ಎದುರಿನ ಕಟ್ಟೆಯ ಮೇಲೆ ನಾಲ್ಕು ಜನ ಹಿರಿಯರು ಕೂತು ನನ್ನನ್ನೇ ನೋಡುತ್ತಿದ್ದರು. ಊರಿಗೆ ಹೊಸಬ, ಕೈಯಲ್ಲಿ ವಹಿ, ನಿಂತಿರುವುದು ಗುಜರಿ ಲಾರಿಯ ಮುಂದೆ. ಸಾಲದ ವಸೂಲಿಗೆ ಬಂದವನೋ ಜಮೀನು ಅಳೆಯಲು ಬಂದವನೋ ಎಂಬ ಅನುಮಾನ ಅವರಿಗೆ.

‘ಇದು ಲೇಲ್ಯಾಂಡ್ ಏನ್ರಿ ಯಜಮಾನ್ರ?’ ಅಂದೆ.

ತಂಬಾಕು ತಿಕ್ಕುತ್ತಿದ್ದವರ ಹೆಬ್ಬೆರಳು ನಿಂತಿತು. ‘ಲೇಲ್ಯಾಂಡಾ? ಯಾರ್ ಹೇಳ್ಯಾರ ನಿಮಗ? ಟಾಟಾ ಐತ್ರಿ ಅದು. ಹನ್ನೆರಡು ಹತ್ತು.’ ಇಷ್ಟಕ್ಕೇ ಬಿಡಲಿಲ್ಲ. ಎದ್ದು ಬಂದು ಬಾನೆಟ್ಟಿನ ಮೂತಿಯ ಮೇಲೆ ಬೆರಳಿಟ್ಟರು. ಬಿಲ್ಲೆ ಯಾವಾಗಲೋ ಹೋಗಿತ್ತು. ಎರಡು ಸ್ಕ್ರೂ ತೂತು, ಅವುಗಳ ಸುತ್ತ ಬಿಸಿಲು ಕಾಣದೆ ಉಳಿದ ಗಾಢ ಬಣ್ಣದ ದುಂಡನೆಯ ಗುರುತು. ‘ಇಲ್ಲಿತ್ತು ನೋಡ್ರಿ, ಟೀ.’ ಕಟ್ಟೆಯ ಮೇಲಿದ್ದವರು ಜರುಗಿ ಜಾಗ ಮಾಡಿದರು.

ಟಾಟಾ ಅಂತ ನನಗೆ ಗೊತ್ತಿತ್ತು. ಇದು ನನ್ನ ಹಳೆಯ ಆಟ. ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಗುರುತಿಲ್ಲದವರ ಬಾಯಿ ಬಿಡಿಸಬೇಕಾದರೆ ಹಳೆಯ ಲಾರಿಯ ಮುಂದೆ ನಿಂತು ಅದರ ಕಂಪನಿಯನ್ನು ತಪ್ಪು ಹೇಳಬೇಕು. ಮಳೆ–ಬೆಳೆ ಕೇಳಿದರೆ ‘ನಡದೈತ್ರಿ’ ಅಂದು ಮುಗಿಸುತ್ತಾರೆ, ರಾಜಕಾರಣ ಕೇಳಿದರೆ ನೀವು ಯಾರ ಕಡೆಯವರೆಂದು ಮೊದಲು ನೋಡುತ್ತಾರೆ. ಆದರೆ ಒಮ್ಮೆ ಸ್ಟೇರಿಂಗ್ ಹಿಡಿದವನು ಟಾಟಾವನ್ನು ಲೇಲ್ಯಾಂಡ್ ಅಂದರೆ ಸಹಿಸಲಾರ.

ಕಲಘಟಗಿ ತಾಲ್ಲೂಕಿನ ತಂಬೂರ ಇರುವುದು ಧಾರವಾಡ ಜಿಲ್ಲೆಯಲ್ಲೇ ಆದರೂ ನವಲಗುಂದ, ಅಣ್ಣಿಗೇರಿಯ ಕಡೆಯಿಂದ ಬಂದವರಿಗೆ ಬೇರೆ ಸೀಮೆಗೆ ಬಂದಂತಾಗುತ್ತದೆ. ಅಲ್ಲಿ ಎರಿಭೂಮಿ, ಕಣ್ಣು ಹಾಯ್ದಷ್ಟು ಬಯಲು. ಇಲ್ಲಿ ಮಲೆನಾಡಿನ ಸೆರಗು. ಭತ್ತ, ಗೋವಿನಜೋಳ, ಸೋಯಾಬೀನ್, ಕಬ್ಬು ಒಂದರ ಪಕ್ಕ ಒಂದು, ಪಡುವಣಕ್ಕೆ ಸರಿದಷ್ಟೂ ಹಳಿಯಾಳ–ಯಲ್ಲಾಪುರದ ಸಾಗವಾನಿ ಕಾಡು. ಹೆಸರು ಕೇಳಿ ತಂತಿವಾದ್ಯ ನೆನಪಾದರೆ ನಿಮ್ಮ ತಪ್ಪಲ್ಲ, ಆದರೆ ಸುತ್ತಲಿನವರಿಗೆ ತಂಬೂರ ಅಂದರೆ ಬಸವಣ್ಣನ ಗುಡಿ, ಮತ್ತೆ ಕೆರೆ. ಗುಡಿಯ ವಿಷಯ ತೆಗೆದಾಗ ಕಟ್ಟೆಯವರಲ್ಲಿ ಒಬ್ಬರು ಅಂದರು: ‘ಮೊದಲ ಭಾರ ಹೊತ್ತಾವ ಬಸವಣ್ಣ. ಆಮ್ಯಾಲ ಟಾಟಾ.’

ಟಾಟಾ ಲಾರಿಗಳಿಗೆ ಮೊದಲು ಇದ್ದದ್ದು ಜರ್ಮನಿಯ ಬಿಲ್ಲೆ. ಟಾಟಾದವರ ಟೆಲ್ಕೊ ಕಂಪನಿ 1954ರಲ್ಲಿ ಡೈಮ್ಲರ್ ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಜಮ್ಷೆಡ್‌ಪುರದಲ್ಲಿ ಲಾರಿ ಕಟ್ಟತೊಡಗಿತು. ಗಾಡಿಯ ಮುಖದ ಮೇಲೆ ಬೆಂಜಿನ ನಕ್ಷತ್ರವಿರುತ್ತಿತ್ತು. 1969ರಲ್ಲಿ ಒಪ್ಪಂದ ಮುಗಿದ ಮೇಲೆ ನಕ್ಷತ್ರ ಇಳಿದು ಟೀ ಅಕ್ಷರ ಏರಿತು. ಹಳಬರ ಬಾಯಲ್ಲಿ ಈಗಲೂ ಅದು ‘ಬೆಂಜ್ ಗಾಡಿ’. ಹನ್ನೆರಡು ಹತ್ತು ಅಂದರೆ 1210: ಸರಕೂ ಸೇರಿ 12 ಟನ್ ತೂಕ, ಸುಮಾರು 100 ಅಶ್ವಶಕ್ತಿ. ಇಂದಿನ ದೊಡ್ಡ ಕಾರುಗಳಲ್ಲಿ ಅದಕ್ಕಿಂತ ಹೆಚ್ಚು ಇರುತ್ತದೆ ಅಂದೆ. ಯಜಮಾನರು ಕಾರಿನ ಮಾತಿಗೆ ಉತ್ತರ ಕೊಡಲಿಲ್ಲ.

ಮುಂದಿನ ಪ್ರಶ್ನೆ ‘ಬಾಡಿ ಎಲ್ಲಿ ಕಟ್ಟಿದ್ದು?’ ಆಗ ಕಂಪನಿಯಿಂದ ಬರುತ್ತಿದ್ದದ್ದು ಚಾಸಿ, ಇಂಜಿನ್, ಬಾನೆಟ್ ಅಷ್ಟೇ. ಬಾಗಿಲಿಲ್ಲ, ಚಾವಣಿಯಿಲ್ಲ. ಚಾಸಿ ಡ್ರೈವರುಗಳು ತಲೆಗೆ ಟವೆಲ್ ಸುತ್ತಿಕೊಂಡು ಗಾಳಿ–ದೂಳು ತಿನ್ನುತ್ತ ಅದನ್ನು ಊರೂರು ದಾಟಿಸಿ ತರುತ್ತಿದ್ದರು. ಕ್ಯಾಬಿನ್ನು, ಹಿಂದಿನ ಪೆಟ್ಟಿಗೆ ಎಲ್ಲ ಊರ ಬಡಿಗ, ಕಮ್ಮಾರ, ಪೇಂಟರನ ಕೆಲಸ. ಹೀಗಾಗಿ ಒಂದೇ ಕಂಪನಿಯ ಗಾಡಿಗೆ ಊರಿಗೊಂದು ಮುಖ. ಬಲ್ಲವರು ಹಲಗೆಯ ಅಂಚು ನೋಡಿಯೇ ಯಾವ ಕಡೆಯ ಕೈಕೆಲಸ ಅಂತ ಹೇಳುತ್ತಿದ್ದರು. ಮರಕ್ಕೆ ಬಣ್ಣ ಹಚ್ಚುವ ವಿದ್ಯೆ ಈ ತಾಲ್ಲೂಕಿಗೆ ಹೊಸದೇನಲ್ಲ. ಹೊರಗಿನವರಿಗೆ ಕಲಘಟಗಿ ಅಂದರೆ ತೊಟ್ಟಿಲು: ಸಾಗವಾನಿ ಮರ, ಅರಗಿನ ಬಣ್ಣ, ಪುರಾಣದ ಚಿತ್ರ. ನಟ ಅಂಬರೀಷ್ ತಮ್ಮ ಕೊನೆಯ ದಿನಗಳಲ್ಲಿ ಯಶ್ ಮಗುವಿಗೆಂದು ಇಲ್ಲಿಯ ತೊಟ್ಟಿಲು ಹೇಳಿಟ್ಟಿದ್ದರೆಂಬ ಸುದ್ದಿಯ ನಂತರ ಅದರ ಹೆಸರು ಇನ್ನಷ್ಟು ಹರಡಿತು. ಲಾರಿಯ ಹಲಗೆಗೆ ಹೂಬಳ್ಳಿ ಬರೆದ ಪೇಂಟರನ ಹೆಸರು ಮಾತ್ರ ಯಾವ ಪೇಪರಿನಲ್ಲೂ ಬರಲಿಲ್ಲ.

ಲಾರಿಯ ಮುಂದೆ ಮಾತು ಹುಟ್ಟಲು ಕಾರಣ ಪ್ರೀತಿಯೊಂದೇ ಅಲ್ಲ. ಹಳೆಯ ಲಾರಿ ನಿಲ್ಲಲೇಬೇಕಿತ್ತು. ಹುಬ್ಬಳ್ಳಿಯಿಂದ ಕಾರವಾರ ರೋಡ್ ಹಿಡಿದು ಹೊರಟದ್ದಕ್ಕೆ ಏರು ಸಿಕ್ಕಲ್ಲೆಲ್ಲ ರೇಡಿಯೇಟರ್ ಕುದಿಯುತ್ತಿತ್ತು. ಕ್ಲೀನರ್ ಹುಡುಗ ಡಬ್ಬಿ ಹಿಡಿದು ಕೆರೆಗೋ ಬಾವಿಗೋ ಓಡುತ್ತಿದ್ದ. ತೊಯ್ದ ಗೋಣಿಚೀಲ ಹಾಕಿ ಮುಚ್ಚಳ ತಿರುವಬೇಕು, ಇಲ್ಲದಿದ್ದರೆ ಮುಖ ಸುಡುತ್ತದೆ. ಕುದಿ ಇಳಿಯುವ ತನಕ ಮಾಡುವುದೇನು? ನೀರು ಕೊಟ್ಟವರ ಜೊತೆ ಮಾತು. ಏರ್ ಬ್ರೇಕಿನ ಗಾಡಿಯಾದರೆ ಹೊರಡುವ ಮುಂಚೆ ಟ್ಯಾಂಕಿಗೆ ಗಾಳಿ ತುಂಬುವ ತನಕ ಮತ್ತೊಂದಿಷ್ಟು ಮಾತು.

ಇನ್ನು ಡೀಸೆಲ್ ಖಾಲಿಯಾಗಿ ಪೈಪಿನಲ್ಲಿ ಗಾಳಿ ಹೊಕ್ಕರಂತೂ ಒಬ್ಬನಿಂದ ಆಗುವ ಕೆಲಸವಲ್ಲ. ಯಜಮಾನರು ಗಾಳಿಯಲ್ಲೇ ಕೈ ಆಡಿಸಿ ತೋರಿಸಿದರು. ಪಂಪಿನ ಬದಿಯ ಸ್ಕ್ರೂ ಅರ್ಧ ಸುತ್ತು ಸಡಿಲಿಸಬೇಕು, ಕೈಪಂಪಿನ ಗುಂಡಿ ಒತ್ತುತ್ತ ಹೋಗಬೇಕು. ಮೊದಲು ಬುರುಗು ಬುರುಗಾಗಿ ಬರುತ್ತದೆ, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ತಿಳಿ ಡೀಸೆಲ್. ಆ ಕ್ಷಣಕ್ಕೆ ಸ್ಕ್ರೂ ಬಿಗಿ ಮಾಡಿ ‘ಹೊಡಿ!’ ಅಂತ ಕೂಗಬೇಕು, ಒಳಗಿದ್ದವನು ಸೆಲ್ಫ್ ಹೊಡೆಯಬೇಕು. ಕ್ಲೀನರ್ ಇಲ್ಲದ ದಿನ ಒಳಗೆ ಕೂತು ಸೆಲ್ಫ್ ಹೊಡೆದದ್ದು ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಸಾಲಿ ಮಾಸ್ತರರಂತೆ. ‘ಗಾಡಿ ಚಾಲೂ ಆತು. ಮಾಸ್ತರು ಇಳೀಲೇ ಇಲ್ರಿ. ಯಲ್ಲಾಪುರ ತನಕಾ ಬಂದು ಚಹಾ ಕುಡುದು ಬ್ಯಾರೆ ಗಾಡ್ಯಾಗ ವಾಪಸ್ ಹೋದ್ರು.’

ಲಾರಿಯ ಕತೆ ಗಂಡಸರದ್ದೇ ಅಂದುಕೊಂಡಿದ್ದೆ. ತೆನೆ ತಿರುವಲು ಬಂದ ಅಜ್ಜಿ ಆ ತಪ್ಪು ತಿದ್ದಿದರು. ‘ಡ್ರೈವರ್ ಏನ್ ಹೇಳ್ತಾನ್ರಿ, ಅವ ಮುಂದ ಕುಂತಿರ್ತಾನ. ಹಿಂದ ಕುಂತಾವ್ರು ನಾವು.’ ಅವರ ಮದುವೆಯ ದಿಬ್ಬಣ ಬಂದದ್ದು ಲಾರಿಯಲ್ಲಿ. ಪೆಟ್ಟಿಗೆಯ ತುಂಬ ಹುಲ್ಲು ಹಾಸಿ, ಮೇಲೆ ಜಮಖಾನ. ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೂ ಲಾರಿಯೇ. ಗುಂಡಿ ಬಂದಾಗ ಎಲ್ಲರೂ ಒಮ್ಮೆ ‘ಉಧೋ’ ಅನ್ನುವುದು, ಅದು ಭಕ್ತಿಯೋ ಹೆದರಿಕೆಯೋ ಅಂತ ನಗುವುದು. ಸರಕಿನ ಗಾಡಿಯಲ್ಲಿ ಜನ ಹೇರುವುದು ಕಾನೂನಿಗೆ ವಿರುದ್ಧ ಅಂತ ನಾನು ಹೇಳಬೇಕಾಗಿತ್ತೇನೋ. ಹೇಳಲಿಲ್ಲ.

ಕಟ್ಟೆಯ ಮಾತು ವಿಜಯ ಸಂಕೇಶ್ವರರನ್ನು ಮುಟ್ಟದೆ ಇರುವುದಿಲ್ಲ. 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಶುರು ಮಾಡಿದವರು ಹುಬ್ಬಳ್ಳಿಗೆ ಬಂದು ವಿಆರ್‌ಎಲ್ ಸಾರಿಗೆ ಕಂಪನಿ ಕಟ್ಟಿದ ಕತೆ ಈ ಭಾಗದಲ್ಲಿ ಎಲ್ಲರಿಗೂ ಬಾಯಿಪಾಠ. 2022ರಲ್ಲಿ ಸಿನಿಮಾ ಕೂಡ ಆಯಿತು. ‘ನಂದೂ ಒಂದ ಲಾರಿ ಇತ್ತು. ಒಂದ ಉಳೀತು’ ಅಂದರು ಮೂಲೆಯಲ್ಲಿ ಕೂತವರು. ಎಲ್ಲರೂ ನಕ್ಕರು, ಅವರೂ.

ಮಾತು ತಪ್ಪಿಹೋದ ಕಾಲವೂ ಒಂದಿತ್ತು. 2010ಕ್ಕೆ ಮುಂಚಿನ ಕೆಲವು ವರ್ಷ ಹೊಸಪೇಟೆ, ಸಂಡೂರು ಕಡೆಯ ಅದಿರು ಹೊತ್ತ ಲಾರಿಗಳು ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಬೇಲೆಕೇರಿ, ಕಾರವಾರ ಬಂದರಿಗೆ ಹೋಗುತ್ತಿದ್ದವು. ಆಗ ಈ ರಸ್ತೆ 63ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ, ಈಗ 52. ಬದಿಯ ಗಿಡಗಳ ಎಲೆ ಕೆಂಪಗಾಗಿತ್ತು. ಅಷ್ಟು ಲಾರಿ ಈ ಸೀಮೆ ಹಿಂದೆಂದೂ ಕಂಡಿರಲಿಲ್ಲ, ಆದರೆ ಒಬ್ಬ ಡ್ರೈವರಿನ ಗುರುತೂ ಇವರಿಗಾಗಲಿಲ್ಲ. ಟ್ರಿಪ್ಪಿನ ಲೆಕ್ಕದಲ್ಲಿ ದುಡಿಯುವವನಿಗೆ ನಿಲ್ಲುವುದೆಂದರೆ ನಷ್ಟ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು, ಮರುವರ್ಷ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಕಟ್ಟೆಯವರಿಗೆ ಆ ವರ್ಷಗಳಿಂದ ನೆನಪಿರುವುದು ಅಪಘಾತಗಳು ಮಾತ್ರ. ಈಗಿನ ಲಾರಿಗಳು ಕುದಿಯುವುದಿಲ್ಲ. 2025ರಲ್ಲಿ ಹೊಸ ಲಾರಿಗಳಿಗೆ ಏಸಿ ಕ್ಯಾಬಿನ್ ಕಡ್ಡಾಯವೂ ಆಯಿತು. ಡ್ರೈವರಿನ ಮೈಗೆ ಅದು ಎಂದೋ ಬರಬೇಕಾಗಿದ್ದ ಸುಖ, ತಕರಾರು ಎತ್ತುವವನು ಒಂದು ದಿನ ಇಂಜಿನ್ನಿನ ಪಕ್ಕ ಕೂತು ನೋಡಲಿ. ಗಾಜು ಏರಿದ ಮೇಲೆ ‘ಯಾವೂರು?’ ಅಂತ ಕೇಳುವವರಿಲ್ಲ, ಅಷ್ಟೇ.

ಈ ಮರದಡಿಯ 1210ನ್ನು ಉಳಿಸುವ ದಾರಿ ಇದೆಯೇ? ಕಾನೂನಿನ ಪುಸ್ತಕದಲ್ಲಿ ಹುಡುಕಿದರೆ ನಗು ಬರುತ್ತದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದು ನಿಯಮ ತಂದಿತು. 50 ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗೆ ‘ವಿಎ’ ಎಂಬ ಬೇರೆ ನಂಬರು, 20,000 ರೂಪಾಯಿ ಶುಲ್ಕ, 10 ವರ್ಷದ ಮಾನ್ಯತೆ. ಆದರೆ ಅದು ಬೈಕು, ಕಾರುಗಳಿಗೆ. ಲಾರಿ ಎಷ್ಟೇ ಮುದಿಯಾದರೂ ವಿಂಟೇಜ್ ಅನ್ನಿಸಿಕೊಳ್ಳುವುದಿಲ್ಲ, ಗುಜರಿ ಅನ್ನಿಸಿಕೊಳ್ಳುತ್ತದೆ. ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳನ್ನು ಯಾತ್ರೆಗೆ ಹೋದವರು ನೋಡಿಯೇ ಬರುತ್ತಾರೆ. ಸಾಹುಕಾರ ಕೂತ ಗಾಡಿ ನೋಡಲು ಜನ ಇದ್ದಾರೆ. ಸಾಹುಕಾರನ ಹತ್ತಿ, ಬೆಲ್ಲ, ಕಟ್ಟಿಗೆ ಹೊತ್ತದ್ದನ್ನು ನೋಡಲು ತಂಬೂರದ ಮರದಡಿಗೇ ಬರಬೇಕು.

ಆದರೂ ಅದರ ಪೂಜೆ ನಿಂತಿಲ್ಲ. ಖಂಡೇಪೂಜೆಯ ದಿನ ಗಾಲಿಯಿಲ್ಲದ ಲಾರಿಗೂ ಚೆಂಡುಹೂವಿನ ಮಾಲೆ ಬೀಳುತ್ತದೆ, ಗಾಲಿಯ ಕೆಳಗಿಡುವ ಲಿಂಬೆಹಣ್ಣನ್ನು ಕಲ್ಲಿನ ಕೆಳಗೆ ಇಡುತ್ತಾರೆ ಅಂದರು ಅಜ್ಜಿ.

ಹೊರಡುವಾಗ ಯಜಮಾನರು ನನ್ನ ಕಾರಿನ ತನಕ ಬಂದರು. ಕೈಯಲ್ಲಿದ್ದ ಬಡಿಗೆಯಿಂದ ಒಂದೊಂದೇ ಗಾಲಿ ತಟ್ಟುತ್ತ ಒಂದು ಸುತ್ತು ಹಾಕಿದರು. ಲಾರಿಯ ಜೋಡಿಗಾಲಿಯಲ್ಲಿ ಒಳಗಿನದು ಪಂಕ್ಚರಾದರೆ ಕಣ್ಣಿಗೆ ಕಾಣುವುದಿಲ್ಲ. ರಾಡಿನಿಂದ ಹೊಡೆದು ಸದ್ದು ಕೇಳಿಯೇ ತಿಳಿಯಬೇಕು, ಕ್ಲೀನರ್ ಕಲಿಯುವ ಮೊದಲ ಪಾಠವೇ ಅದು. ಹಿಂದಿನ ಎಡಗಾಲಿಯ ಹತ್ತಿರ ನಿಂತು ಮತ್ತೊಮ್ಮೆ ತಟ್ಟಿದರು.

‘ತಮ್ಮಾ, ಇದರಾಗ ಗಾಳಿ ಇಲ್ಲ.’

ನೋಡಲು ಗಾಲಿ ಚೆನ್ನಾಗಿಯೇ ಇತ್ತು. ಕಲಘಟಗಿಗೆ ಬಂದು ಪಂಕ್ಚರ್ ಅಂಗಡಿಯ ಮುಂದೆ ನಿಲ್ಲಿಸಿದೆ. ಹುಡುಗ ಮೀಟರ್ ಹಚ್ಚಿ ಹದಿನೆಂಟು ಅಂದ, ಗಾಳಿಯ ಪೈಪು ಎಳೆದುಕೊಂಡು ಬಂದ. ಗಾಳಿ ತುಂಬುತ್ತಿದ್ದಾಗ ಕಾರಿನ ನಂಬರ್ ಪ್ಲೇಟು ನೋಡಿ ಕೇಳಿದ:

‘ಯಾವ ಮಾಡೆಲ್‌ರೀ ಸರ್ ಇದು?’