ಅಂಕಿಗಳ ಕೊರತೆಯಿಂದ ಹುಟ್ಟಿದ ಸ್ತಂಭನಕ್ಷೆ

1785ರಲ್ಲಿ ಟಿಪ್ಪುವಿನ ಸೇನೆ ನರಗುಂದದ ಕೋಟೆಗೆ ಮುತ್ತಿಗೆ ಹಾಕಿತು. ಮರುವರ್ಷ ಮರಾಠರು ಗಜೇಂದ್ರಗಡವನ್ನು ಹಿಡಿದರು. 1787ರಲ್ಲಿ ಗಜೇಂದ್ರಗಡದ ಒಪ್ಪಂದದೊಂದಿಗೆ ಆ ಯುದ್ಧ ನಿಂತಿತು. ಇಲ್ಲಿ ಕೋಟೆಗಳು ಕೈ ಬದಲಾಯಿಸುತ್ತಿದ್ದ ಕಾಲದಲ್ಲೇ, 1786ರಲ್ಲಿ, ಲಂಡನ್ನಿನಲ್ಲಿ ವಿಲಿಯಂ ಪ್ಲೇಫೇರ್ ಎಂಬ ಸ್ಕಾಟ್ಲೆಂಡಿನವನ ‘ಕಮರ್ಷಿಯಲ್ ಅಂಡ್ ಪೊಲಿಟಿಕಲ್ ಅಟ್ಲಾಸ್’ ಹೊರಬಂತು. ಹೆಸರಿಗೆ ಅಟ್ಲಾಸ್, ಒಳಗಿದ್ದದ್ದು ದೇಶಗಳ ಭೂಪಟವಲ್ಲ, ಅವುಗಳ ವ್ಯಾಪಾರದ ಏರಿಳಿತ.

ಪ್ಲೇಫೇರ್ 1759ರಲ್ಲಿ ಹುಟ್ಟಿದವನು. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಗಣಿತಜ್ಞನಾಗಿದ್ದ ಅಣ್ಣ ಜಾನ್ ಅವನನ್ನು ಬೆಳೆಸಿದ. ದಿನದಿನದ ಉಷ್ಣತೆಯನ್ನು ಬರೆದಿಡುವ ಕೆಲಸವನ್ನು ಅಣ್ಣ ತಮ್ಮನಿಗೆ ಹಚ್ಚಿದ್ದ. ಬರೀ ಅಂಕಿ ಬರೆದರೆ ಸಾಲದು, ಥರ್ಮಾಮೀಟರುಗಳನ್ನು ಸಾಲಾಗಿ ನಿಲ್ಲಿಸಿದಂತೆ ಗೆರೆ ಎಳೆಯಬೇಕು. ಅಂಕಿಯಲ್ಲಿ ಹೇಳಬಹುದಾದದ್ದನ್ನೆಲ್ಲ ಗೆರೆಯಲ್ಲೂ ತೋರಿಸಬಹುದು ಎಂಬ ಪಾಠ ತಮ್ಮನಿಗೆ ಅಲ್ಲೇ ಸಿಕ್ಕಿತು. ಮುಂದೆ ಜೇಮ್ಸ್ ವಾಟ್ ಬಳಿ ಯಂತ್ರಗಳ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದಾಗ ಕೈಯೂ ಪಳಗಿತು.

ಅಳತೆಯನ್ನು ಗೆರೆಯಲ್ಲಿ ಬರೆಯುವುದು ವಿಜ್ಞಾನಿಗಳಿಗೆ ಪೂರ್ತಿ ಹೊಸದೇನಲ್ಲ. ನೆಲದ ಉಷ್ಣತೆಯ ಏರಿಳಿತವನ್ನು ಲ್ಯಾಂಬರ್ಟ್ ಎಂಬ ವಿಜ್ಞಾನಿ 1779ರಷ್ಟರಲ್ಲೇ ಹಾಗೆ ತೋರಿಸಿದ್ದ. ಪ್ಲೇಫೇರ್ ಅದನ್ನು ಹಣದ ಲೆಕ್ಕಕ್ಕೆ ತಂದ. ಡೆನ್ಮಾರ್ಕ್ ಮತ್ತು ನಾರ್ವೆ ಜೊತೆಗಿನ ಇಂಗ್ಲೆಂಡಿನ ವ್ಯಾಪಾರದ ನಕ್ಷೆಯಲ್ಲಿ ಅಡ್ಡಕ್ಕೆ 1700ರಿಂದ 1780ರವರೆಗಿನ ವರ್ಷಗಳು, ಲಂಬಕ್ಕೆ ಪೌಂಡುಗಳು. ಆಮದಿಗೊಂದು ಗೆರೆ, ರಫ್ತಿಗೊಂದು ಗೆರೆ. 1750ರ ದಶಕದಲ್ಲಿ ಎರಡೂ ಗೆರೆ ಒಂದನ್ನೊಂದು ದಾಟುತ್ತವೆ; ಅಲ್ಲಿಂದಾಚೆ ಲಾಭ ಯಾರ ಕಡೆಗೆಂದು ಯಾರೂ ಕೂಡಿ ಕಳೆಯಬೇಕಾಗಿಲ್ಲ.

ತೊಡಕು ಬಂದದ್ದು ಸ್ಕಾಟ್ಲೆಂಡಿನ ಲೆಕ್ಕದಲ್ಲಿ. 1780ರ ಕ್ರಿಸ್‌ಮಸ್‌ನಿಂದ 1781ರ ಕ್ರಿಸ್‌ಮಸ್‌ವರೆಗಿನ ಒಂದೇ ವರ್ಷದ ಅಂಕಿಗಳು ಅವನ ಕೈಯಲ್ಲಿದ್ದವು. ಒಂದು ವರ್ಷದಿಂದ ಏರಿಳಿತದ ಗೆರೆ ಹೇಗೆ ಎಳೆಯುವುದು? ಆಗ ಆತ ಕಾಲವನ್ನೇ ಕೈಬಿಟ್ಟು, ಸ್ಕಾಟ್ಲೆಂಡಿನೊಡನೆ ವ್ಯವಹಾರವಿದ್ದ 17 ಕಡೆಗಳಿಗೆ ಒಂದೊಂದು ಜೋಡಿ ಪಟ್ಟಿ ಬಳಿದ. ಇಂದಿನ ಸ್ತಂಭನಕ್ಷೆ ಹೀಗೆ ಬಂತು. ಕಾಲವನ್ನು ತೋರಿಸದ ಈ ನಕ್ಷೆ ಉಳಿದವುಗಳಿಗಿಂತ ಕಡಿಮೆಯದು ಎಂದೇ ಅವನ ಎಣಿಕೆಯಾಗಿತ್ತು.

ಪುಸ್ತಕ ಅಚ್ಚಿಗೆ ಹೋಗುವ ಮುನ್ನ ವಾಟ್ ಒಂದು ಸಲಹೆ ಕೊಟ್ಟ: ನಕ್ಷೆಗೆ ಆಧಾರವಾದ ಕೋಷ್ಟಕಗಳನ್ನೂ ಜೊತೆಗೆ ಅಚ್ಚು ಹಾಕು, ಇಲ್ಲವಾದರೆ ಈ ಅಂಕಿ ಎಲ್ಲಿಂದ ತಂದೆ ಎಂದು ಜನ ಕೇಳುತ್ತಾರೆ. ಪ್ಲೇಫೇರ್ ಅದನ್ನು ಒಪ್ಪಿದ. 1801ರ ‘ಸ್ಟ್ಯಾಟಿಸ್ಟಿಕಲ್ ಬ್ರೀವಿಯರಿ’ಯಲ್ಲಿ ಅವನು ವೃತ್ತವನ್ನೂ ಸೀಳಿದ. ಏಷ್ಯಾ, ಯುರೋಪು, ಆಫ್ರಿಕಾಗಳಲ್ಲಿ ಹರಡಿದ್ದ ತುರ್ಕಿ ಸಾಮ್ರಾಜ್ಯವನ್ನು ಮೂರು ಬಣ್ಣದ ತುಂಡುಗಳಲ್ಲಿ ತೋರಿಸಿದ. ಅದೇ ಪುಸ್ತಕಕ್ಕೆ ಹಿಂದೂಸ್ತಾನದ ಆಳುವ ಶಕ್ತಿಗಳ ಭಾಗವೊಂದನ್ನು ಸೇರಿಸಿದ್ದ. ಟಿಪ್ಪುವಿನ ಶ್ರೀರಂಗಪಟ್ಟಣ ಬಿದ್ದು ಆಗ ಎರಡೇ ವರ್ಷ.

ಗೆರೆ, ಕಂಬ, ವೃತ್ತ ಎಂಬ ಈ ಮೂರೂ ಬಗೆಯನ್ನು ಇಂದು ನರಗುಂದ, ಗಜೇಂದ್ರಗಡಗಳ ಸೀಮೆಯದೇ ಆದ ರೋಣದ ಹೈಸ್ಕೂಲಿನ ಮಕ್ಕಳು ಗ್ರಾಫ್ ಹಾಳೆಯಲ್ಲಿ ಬಿಡಿಸುತ್ತಾರೆ. ಯಾವುದಕ್ಕೆ ಯಾವುದು ಎಂಬುದೇ ನಿಜವಾದ ಪ್ರಶ್ನೆ. ಈ ಎರೆ ಸೀಮೆಯ ಮಳೆಯನ್ನೇ ತೆಗೆದುಕೊಳ್ಳಿ. ವರ್ಷದ ಒಟ್ಟು ಮಳೆ ಒಂದೇ ಅಂಕಿ. ಅದರಿಂದ ಹಿಂಗಾರಿ ಬಿತ್ತುವ ರೈತನಿಗೆ ಹೆಚ್ಚು ಉಪಯೋಗವಿಲ್ಲ. ತಿಂಗಳಿಗೊಂದು ಕಂಬ ನಿಲ್ಲಿಸಿದರೆ ಬಿಳಿಜೋಳ, ಕಡಲೆಗೆ ಹಸಿ ಕೊಡುವ ಸೆಪ್ಟೆಂಬರ್ ಎದ್ದು ಕಾಣುತ್ತದೆ. ಹಲವು ವರ್ಷಗಳ ಸೆಪ್ಟೆಂಬರ್ ಮಳೆಯನ್ನು ಹೋಲಿಸಬೇಕಾದರೆ ಗೆರೆ ಬೇಕು. ಇಂತಿಷ್ಟೇ ಮಿಲಿಮೀಟರ್ ಎಂದು ಬೇಕಾದವನಿಗೆ ಕೋಷ್ಟಕವೇ ಗತಿ.

ಕಂಬದಲ್ಲಿ ಮೋಸವೂ ಸುಲಭ. ಒಂದು ವರ್ಷ 90 ಮಿ.ಮೀ., ಇನ್ನೊಂದು ವರ್ಷ 100 ಮಿ.ಮೀ. ಎಂದಿಟ್ಟುಕೊಳ್ಳಿ. ಲಂಬ ಅಕ್ಷವನ್ನು ಸೊನ್ನೆಯ ಬದಲು 80ರಿಂದ ಶುರು ಮಾಡಿದರೆ ಎರಡನೆಯ ಕಂಬ ಮೊದಲನೆಯದರ ಎರಡರಷ್ಟು ಎತ್ತರ ನಿಲ್ಲುತ್ತದೆ. ಕೆಳಗೆ ಕೋಷ್ಟಕವಿದ್ದರೆ ಈ ಆಟ ನಡೆಯದು, ಓದುವವನು ತಾನೇ ತಾಳೆ ನೋಡುತ್ತಾನೆ. ವಾಟ್ ಕೇಳಿದ್ದು ಇಷ್ಟನ್ನೇ.