ಅನಾಕಿನ್ ಬಿದ್ದದ್ದು ಎಲ್ಲಿ?

ಜೆಡೈ ಗುರು ಮೇಸ್ ವಿಂಡು ಒಡೆದ ಕಿಟಕಿಯಿಂದ ಹೊರಗೆ ಬಿದ್ದು ಇನ್ನೂ ಒಂದು ನಿಮಿಷ ಕಳೆದಿಲ್ಲ. ಅವನ ಕೈ ಕತ್ತರಿಸಿದವನು ಅನಾಕಿನ್ ಸ್ಕೈವಾಕರ್. ಎಂಥ ಕೆಲಸ ಮಾಡಿಬಿಟ್ಟೆನಲ್ಲ ಎಂದು ಕುಸಿದು ಕೂತವನು ಮರುಗಳಿಗೆಗೆ ಚಾನ್ಸೆಲರ್ ಪಾಲ್ಪಟೀನನ ಮುಂದೆ ಮಂಡಿಯೂರಿ ಡಾರ್ತ್ ವೇಡರ್ ಎಂಬ ಹೊಸ ಹೆಸರು ಪಡೆಯುತ್ತಾನೆ. ಅದಾದ ಸ್ವಲ್ಪ ಹೊತ್ತಿಗೆಲ್ಲ ಸೈನಿಕರ ದಂಡು ಕಟ್ಟಿಕೊಂಡು ಜೆಡೈ ಮಂದಿರದ ಮೆಟ್ಟಿಲು ಹತ್ತುತ್ತಾನೆ. ಒಳಗೆ ಆಸನಗಳ ಹಿಂದೆ ಅಡಗಿದ್ದ ಪುಟ್ಟ ಮಕ್ಕಳು ನಮ್ಮವನೇ ಬಂದ ಎಂದು ಹೊರಬರುತ್ತಾರೆ. ಈಗೇನು ಮಾಡುವುದು ಎಂದು ಒಬ್ಬ ಹುಡುಗ ಅವನನ್ನೇ ಕೇಳುತ್ತಾನೆ. ಅನಾಕಿನ್ ಬಾಯಿ ಬಿಡುವುದಿಲ್ಲ, ಕೈಯಲ್ಲಿನ ಬೆಳಕಿನ ಖಡ್ಗ ಹೊತ್ತಿಕೊಳ್ಳುತ್ತದೆ.

2005ರಲ್ಲಿ ತೆರೆಕಂಡ ಸ್ಟಾರ್ ವಾರ್ಸ್ ಮಾಲೆಯ ‘ರಿವೆಂಜ್ ಆಫ್ ದ ಸಿತ್’ ಚಿತ್ರದ ಈ ಭಾಗವನ್ನು ನೋಡಿದವರು ಎರಡು ಪಂಗಡವಾಗಿದ್ದಾರೆ. ವಿಜ್ಞಾನ ಕಥೆಯ ಲೋಕ ಕಂಡ ಅತಿ ದೊಡ್ಡ ದುರಂತ ನಾಯಕ ಇವನೇ ಎನ್ನುವವರು ಒಂದು ಕಡೆ. ಒಬ್ಬ ಮನುಷ್ಯ ಇಷ್ಟು ಬೇಗ ಇಷ್ಟು ಕೆಳಗೆ ಇಳಿಯುತ್ತಾನೆಂದರೆ ನಂಬುವುದು ಹೇಗೆ ಎನ್ನುವವರು ಇನ್ನೊಂದು ಕಡೆ. (ಸ್ಟಾರ್ ವಾರ್ಸ್ ವಿಜ್ಞಾನ ಕಥೆಯೇ ಅಲ್ಲ, ಅಂತರಿಕ್ಷಕ್ಕೆ ಒಯ್ದ ರಾಜಕುಮಾರಿಯ ಕಥೆ ಎನ್ನುವ ಮೂರನೆಯ ಪಂಗಡವೂ ಇದೆ. ಆ ಜಗಳ ಇವತ್ತು ಬೇಡ.) ನನ್ನ ಮಟ್ಟಿಗೆ ಇಬ್ಬರ ಮಾತೂ ನಿಜ. ಅನಾಕಿನ್‌ನ ಪತನದ ಕಲ್ಪನೆ ದೊಡ್ಡದು. ಆದರೆ ಅದು ನಡೆದದ್ದು ಪಾಲ್ಪಟೀನನ ಕಚೇರಿಯಲ್ಲಲ್ಲ. ಅದಕ್ಕೆ ಮೂರು ವರ್ಷ ಮೊದಲೇ, ಹಿಂದಿನ ಚಿತ್ರದಲ್ಲಿ ನಡೆದುಹೋಗಿದೆ. ನಿರ್ದೇಶಕ ಜಾರ್ಜ್ ಲೂಕಸ್ ಆ ಜಾಗವನ್ನು ಮುಟ್ಟಿ, ಅಲ್ಲಿ ನಿಲ್ಲದೆ ಮುಂದೆ ಹೊರಟುಬಿಟ್ಟರು.

ಮೊದಲು ಒಂದು ಹಳೆಯ ಸಂಗತಿ. ವೇಡರ್ ಹುಟ್ಟಿದ್ದು ದುರಂತ ನಾಯಕನಾಗಿ ಅಲ್ಲ. 1977ರ ಮೊದಲ ಚಿತ್ರದಲ್ಲಿ ಅವನು ತೆರೆಯ ಮೇಲೆ ಇರುವುದು ಕಾಲು ಗಂಟೆಗೂ ಕಡಿಮೆ. ಮೈ ಡೇವಿಡ್ ಪ್ರೌಸ್ ಎಂಬ ಇಂಗ್ಲೆಂಡಿನ ಭಾರ ಎತ್ತುವ ಪಟುವಿನದು, ದನಿ ಜೇಮ್ಸ್ ಅರ್ಲ್ ಜೋನ್ಸ್ ಅವರದು, ಆ ಭಯಾನಕ ಉಸಿರಾಟವೋ ಬೆನ್ ಬರ್ಟ್ ಅವರು ಮುಳುಗುಗಾರರ ಉಸಿರಾಟದ ಸಲಕರಣೆಯೊಳಗೆ ಮೈಕ್ ಇಟ್ಟು ಹಿಡಿದದ್ದು. ಮೂರು ಕಡೆಯಿಂದ ತಂದು ಜೋಡಿಸಿದ ಖಳ. 1978ರಲ್ಲಿ ಲೀ ಬ್ರಾಕೆಟ್ ಎರಡನೆಯ ಚಿತ್ರಕ್ಕೆ ಬರೆದುಕೊಟ್ಟ ಮೊದಲ ಕರಡಿನಲ್ಲಿ ಕಥಾನಾಯಕ ಲ್ಯೂಕ್‌ನ ಸತ್ತ ತಂದೆ ಬೇರೆಯೇ ಒಂದು ಪ್ರೇತವಾಗಿ ಬಂದು ಮಗನನ್ನು ಮಾತಾಡಿಸುತ್ತಾನೆ. ಬ್ರಾಕೆಟ್ ಅದೇ ವರ್ಷ ತೀರಿಕೊಂಡರು. ಮುಂದಿನ ಕರಡನ್ನು ಕೈಗೆತ್ತಿಕೊಂಡ ಲೂಕಸ್, ಖಳನನ್ನೇ ತಂದೆ ಮಾಡಿದರು. ಅಂದರೆ ಈ ದುರಂತವನ್ನು ತುದಿಯಿಂದ ಬುಡಕ್ಕೆ ಕಟ್ಟಲಾಗಿದೆ. ಅದೇನೂ ದೋಷವಲ್ಲ. ಈಡಿಪಸ್‌ನ ಗತಿ ಏನಾಯಿತೆಂದು ಅಥೆನ್ಸಿನ ಪ್ರೇಕ್ಷಕರಿಗೆ ಮನೆ ಬಿಡುವ ಮೊದಲೇ ಗೊತ್ತಿತ್ತು. ತುದಿ ಗೊತ್ತಿರುವ ಕಥೆಯಲ್ಲಿ ಬರೆಯುವವನ ಕಸುಬೆಲ್ಲ ದಾರಿಯಲ್ಲಿರುತ್ತದೆ.

ದಾರಿಯ ನಕ್ಷೆಯನ್ನು ಲೂಕಸ್ ಚೆನ್ನಾಗಿಯೇ ಹಾಕಿದ್ದರು. ಅನಾಕಿನ್ ಟಾಟೂಯೀನ್ ಎಂಬ ಮರಳುಗ್ರಹದ ಗುಲಾಮ ಹುಡುಗ. ಒಂಬತ್ತನೆಯ ವಯಸ್ಸಿಗೆ ಅವನನ್ನು ಬಿಡಿಸಿ ಕರೆದೊಯ್ಯುವ ಜೆಡೈಗಳು ತಾಯಿ ಶ್ಮಿಯನ್ನು ಅಲ್ಲಿಯೇ ಬಿಡುತ್ತಾರೆ. ಕಥೆಯಲ್ಲಿ ಹತ್ತು ವರ್ಷ ಕಳೆಯುತ್ತದೆ. ನಕ್ಷತ್ರಮಂಡಲದ ಶಾಂತಿ ಕಾಯುವ ಆ ಗುರುಗಳಲ್ಲಿ ಒಬ್ಬರೂ ಆ ಹೆಂಗಸನ್ನು ಬಿಡಿಸಲು ಹಿಂದಿರುಗಿ ಹೋಗುವುದಿಲ್ಲ. ಕೊನೆಗೆ ಅವಳನ್ನು ಕೊಂಡು, ಬಿಡುಗಡೆ ಮಾಡಿ, ಮದುವೆಯಾಗುವವನು ಕ್ಲೀಗ್ ಲಾರ್ಸ್ ಎಂಬ ಸಾಧಾರಣ ರೈತ. ಈ ವಿವರದ ಬಗ್ಗೆ ಚಿತ್ರದಲ್ಲಿ ಯಾರೂ ಚಕಾರ ಎತ್ತುವುದಿಲ್ಲ. ಆದರೂ ಜೆಡೈ ಸಂಸ್ಥೆಯ ಬಗ್ಗೆ ಇಡೀ ಚಿತ್ರಮಾಲೆ ಹೇಳಿದ ಅತಿ ಕಟುವಾದ ಮಾತು ಇದೇ ಎಂದು ನನಗನಿಸುತ್ತದೆ.

ಆಮೇಲೆ 2002ರ ‘ಅಟ್ಯಾಕ್ ಆಫ್ ದ ಕ್ಲೋನ್ಸ್’. ತಾಯಿ ನರಳುವ ಕನಸು ಬಿದ್ದು ಅನಾಕಿನ್ ಓಡಿ ಬರುವ ಹೊತ್ತಿಗೆ ತಡವಾಗಿದೆ. ಟಸ್ಕೆನ್ ದಾಳಿಕೋರರ ಬಿಡಾರದಲ್ಲಿ ಅವಳು ಮಗನ ತೋಳಲ್ಲೇ ಪ್ರಾಣ ಬಿಡುತ್ತಾಳೆ. ಅವನು ಆ ಬಿಡಾರವನ್ನೇ ನಿರ್ನಾಮ ಮಾಡುತ್ತಾನೆ. ಕೊಲೆಗಿಂತ ಮುಖ್ಯವಾದದ್ದು ನಂತರದ ದೃಶ್ಯ. ಲಾರ್ಸ್ ಮನೆಯ ಗ್ಯಾರೇಜು. ಅನಾಕಿನ್ ಒಂದು ಬಿಡಿಭಾಗ ಹಿಡಿದು ರಿಪೇರಿ ಮಾಡುತ್ತ ನಿಂತಿದ್ದಾನೆ, ಅವನು ಪ್ರೀತಿಸುವ ಪದ್ಮೆ ಊಟ ತಂದಿದ್ದಾಳೆ. ಕೆಟ್ಟದ್ದನ್ನು ರಿಪೇರಿ ಮಾಡುವುದೆಂದರೆ ತನಗೆ ಸಲೀಸು ಎಂಬಲ್ಲಿ ಅವನ ಮಾತು ಶುರುವಾಗುತ್ತದೆ, ಅಲ್ಲಿಂದ ತಾಯಿಗೆ ಹೋಗುತ್ತದೆ, ಸಾವನ್ನೇ ತಡೆಯುವಷ್ಟು ಬಲಶಾಲಿ ಆಗುತ್ತೇನೆಂಬ ಹಟಕ್ಕೆ ಏರುತ್ತದೆ, ತಪ್ಪೆಲ್ಲ ಗುರು ಓಬಿ-ವಾನ್‌ನದು ಎಂಬ ಅರಚಾಟವಾಗುತ್ತದೆ. ಕೊಂದದ್ದನ್ನು ಒಪ್ಪಿಕೊಳ್ಳುವಾಗ ಗಂಡಸರನ್ನಷ್ಟೇ ಅಲ್ಲ, ಹೆಂಗಸರನ್ನೂ ಮಕ್ಕಳನ್ನೂ ಎಂದು ಅವನೇ ಬಿಡಿಸಿ ಹೇಳುತ್ತಾನೆ. ಹೇಡನ್ ಕ್ರಿಸ್ಟೆನ್ಸೆನ್ ನಟನೆ ಮರಗಟ್ಟಿದ್ದು ಎಂದು ಗೇಲಿ ಮಾಡುವವರು ಈ ಎರಡು ಮೂರು ನಿಮಿಷವನ್ನು ಮತ್ತೊಮ್ಮೆ ನೋಡಬೇಕು. ದುಃಖ, ಹಟ, ಆರೋಪ, ದ್ವೇಷ, ನಾಚಿಕೆ, ಇಷ್ಟೂ ಒಂದರ ಬಾಲ ಹಿಡಿದು ಒಂದು ಬರುತ್ತವೆ. ದುರಂತ ನಾಯಕನನ್ನು ಬರೆಯುವುದೆಂದರೆ ಹೀಗೆ.

ಇಲ್ಲಿಯೇ ಲೂಕಸ್ ಕೈಬಿಟ್ಟದ್ದು. ಇಷ್ಟನ್ನು ಕೇಳಿದ ಪದ್ಮೆ, ಕೋಪ ಬರುವುದು ಮನುಷ್ಯಸಹಜ ಎಂಬರ್ಥದ ಸಮಾಧಾನ ಹೇಳುತ್ತಾಳೆ. ಚಿತ್ರದ ಕೊನೆಗೆ ಅವನನ್ನು ಮದುವೆಯಾಗುತ್ತಾಳೆ. ಮಕ್ಕಳನ್ನು ಕೊಂದೆ ಎಂದವನ ಜೊತೆ ಬಾಳಬೇಕಾದವಳ ರಾತ್ರಿಗಳು ಹೇಗಿದ್ದವು ಎಂದು ಮುಂದಿನ ಚಿತ್ರ ಕೇಳುವುದೇ ಇಲ್ಲ. ಆ ಹತ್ಯೆಯ ನೆನಪೆತ್ತುವ ಒಬ್ಬನೇ ಒಬ್ಬ ಪಾಲ್ಪಟೀನ್. ಶತ್ರುಪಕ್ಷದ ನಾಯಕ ಕೌಂಟ್ ಡೂಕುವಿನ ತಲೆ ಕಡಿಸಿದ ಮೇಲೆ, ಇದೇನೂ ನಿನ್ನ ಮೊದಲ ಸೇಡಲ್ಲವಲ್ಲ ಎನ್ನುವ ಧಾಟಿಯಲ್ಲಿ, ಬೆನ್ನು ತಟ್ಟುವವನ ಹಾಗೆ ನೆನಪಿಸುತ್ತಾನೆ. ಹೆಂಡತಿ ಆಡದ ಮಾತನ್ನು ಖಳ ಆಡುತ್ತಾನೆ. ಇದನ್ನು ಬೆಳೆಸಿದ್ದರೆ ಜೆಡೈ ಮಂದಿರದ ಮಕ್ಕಳ ದೃಶ್ಯ ಆಕಾಶದಿಂದ ಉದುರಿದಂತೆ ಕಾಣುತ್ತಿರಲಿಲ್ಲ. ಮೊದಲೇ ದಾಟಿದ ಹೊಸಿಲನ್ನು ಎರಡನೆಯ ಸಲ ದಾಟಿದಂತೆ ಕಾಣುತ್ತಿತ್ತು.

‘ರಿವೆಂಜ್ ಆಫ್ ದ ಸಿತ್’ ಚಿತ್ರದ ಮೊದಲರ್ಧದಲ್ಲಿ ಒಳ್ಳೆಯ ಬರವಣಿಗೆ ಸಾಕಷ್ಟಿದೆ. ಹೆರಿಗೆಯಲ್ಲಿ ಪದ್ಮೆ ಸಾಯುವ ಕನಸು ಬಿದ್ದಾಗ ಅನಾಕಿನ್ ಹಿರಿಯ ಜೆಡೈ ಗುರು ಯೋಡನ ಬಳಿ ಹೋಗುತ್ತಾನೆ. ಜೆಡೈಗಳಿಗೆ ಮೋಹ ನಿಷಿದ್ಧ, ಮದುವೆ ಗುಟ್ಟಿನದು. ಹಾಗಾಗಿ ಯಾರೋ ಹತ್ತಿರದವರು ಎಂದಷ್ಟೇ ಹೇಳುತ್ತಾನೆ. ಸತ್ತವರಿಗಾಗಿ ಅಳಬೇಡ, ಕಳೆದುಕೊಳ್ಳಲು ಅಂಜುವುದನ್ನೆಲ್ಲ ಬಿಡಲು ಕಲಿ ಎನ್ನುತ್ತಾನೆ ಯೋಡ. ಶಾಸ್ತ್ರದ ಪ್ರಕಾರ ಸರಿಯಾದ ಉತ್ತರ, ಕೇಳಿದವನ ಪಾಲಿಗೆ ಕಲ್ಲು. ಕನಸಿನ ಬಗ್ಗೆ ಕಿವಿಗೊಟ್ಟು ಕೇಳುವವನು, ಸಾವನ್ನು ತಡೆಯುವ ವಿದ್ಯೆಯ ಕಥೆಯನ್ನು ಆಪೆರಾ ನೋಡುತ್ತ ಪಿಸುದನಿಯಲ್ಲಿ ಹೇಳುವವನು ಪಾಲ್ಪಟೀನ್ ಮಾತ್ರ. ಹೆಂಡತಿಯನ್ನು ಉಳಿಸಲು ಅನಾಕಿನ್ ಮಾಡುವ ಪ್ರತಿ ಕೆಲಸವೂ ಅವಳನ್ನು ಸಾವಿಗೆ ದೂಡುತ್ತದೆ, ಕಡೆಗೆ ಮುಸ್ತಫರ್ ಗ್ರಹದ ಲಾವಾ ನದಿಯ ಪಕ್ಕ ಅವಳ ಕತ್ತು ಹಿಸುಕುವವನೂ ಅವನೇ. ಭವಿಷ್ಯ ತಪ್ಪಿಸಲು ಹೋಗಿ ಭವಿಷ್ಯದ ಬಾಯಿಗೇ ಬೀಳುವ ಹಳೆಯ ಗ್ರೀಕ್ ಚೌಕಟ್ಟು, ಒಂದು ಮೊಳೆಯೂ ಸಡಿಲವಿಲ್ಲ.

ಸಂಭಾಷಣೆಯ ಮಾತು ಬೇರೆ. ನೀವು ಇದನ್ನು ಟೈಪ್ ಮಾಡಬಹುದು, ಬಾಯಿಂದ ಆಡಲಾಗುವುದಿಲ್ಲ ಎಂದು ನಟ ಹ್ಯಾರಿಸನ್ ಫೋರ್ಡ್ ಮೊದಲ ಚಿತ್ರದ ಹೊತ್ತಿಗೇ ಲೂಕಸ್ ಅವರನ್ನು ಕಿಚಾಯಿಸಿದ್ದು ಪ್ರಸಿದ್ಧ. ಅನಾಕಿನ್-ಪದ್ಮೆಯರ ಪ್ರಣಯದ ಮಾತುಗಳು ಆ ಕಾಯಿಲೆಯಿಂದ ನರಳುತ್ತವೆ, ಮರಳು ಕಂಡರಾಗದು ಎಂಬ ಅವನ ಸಲ್ಲಾಪ ಇವತ್ತಿಗೂ ಮೀಮುಗಳಿಗೆ ಮೇವು. ಅದೇ ಇಬ್ಬರೂ ಮಾತು ಬಿಟ್ಟಾಗ ನೋಡಿ: ಸಂಜೆಯ ಕೊರುಸಾಂಟ್ ನಗರ, ಜೆಡೈ ಸಭಾಂಗಣದಲ್ಲಿ ಅವನು, ದೂರದ ತನ್ನ ಮನೆಯಲ್ಲಿ ಅವಳು, ಇಬ್ಬರೂ ಕಿಟಕಿಯಾಚೆ ಪರಸ್ಪರರ ದಿಕ್ಕಿಗೆ ನೋಡುತ್ತಿದ್ದಾರೆ. ಹಿನ್ನೆಲೆಗೆ ಜಾನ್ ವಿಲಿಯಮ್ಸ್ ಸಂಗೀತ. ಅವನ ಕಣ್ಣಲ್ಲಿ ನೀರು ಬರುವ ಹೊತ್ತಿಗೆ ನಿರ್ಧಾರ ಆಗಿಹೋಗಿರುತ್ತದೆ. ಇಡೀ ಚಿತ್ರದಲ್ಲಿ ಅವನ ಮನಸ್ಸು ಇಷ್ಟು ಸ್ಪಷ್ಟವಾಗಿ ಇನ್ನೆಲ್ಲೂ ಕಾಣುವುದಿಲ್ಲ.

ಹಾಗಿದ್ದರೂ ಮಂಡಿಯೂರುವ ದೃಶ್ಯ ಏಕೆ ಅಲುಗಾಡುತ್ತದೆ? ಒಂದು ಕಾರಣ ಎಡಿಟಿಂಗ್ ಕೋಣೆಯಲ್ಲಿದೆ. ಜೆಡೈಗಳು ರಾಜ್ಯದ್ರೋಹಕ್ಕೆ ಹೊಂಚು ಹಾಕಿದ್ದಾರೆಂದು ಅನಾಕಿನ್ ನಂಬುವ ರಾಜಕೀಯದ ಎಳೆ ಮೊದಲು ಇನ್ನೂ ಗಟ್ಟಿಯಾಗಿತ್ತು. ಚಿತ್ರೀಕರಣದ ನಂತರ ಲೂಕಸ್ ಕಥೆಯ ಭಾರವನ್ನು ಪದ್ಮೆಯನ್ನು ಉಳಿಸುವ ಕಡೆಗೆ ವಾಲಿಸಿದರು. ಪಾಲ್ಪಟೀನನ ವಿರುದ್ಧ ಪದ್ಮೆ ಸೆನೆಟರುಗಳನ್ನು ಒಟ್ಟುಗೂಡಿಸುವ ದೃಶ್ಯಗಳೂ ಕತ್ತರಿಗೆ ಸಿಕ್ಕವು, ಡಿವಿಡಿಯ ಹೆಚ್ಚುವರಿ ಭಾಗದಲ್ಲಿ ಅವನ್ನು ನೋಡಬಹುದು. ಫಲ ಏನೆಂದರೆ ಮುಸ್ತಫರ್‌ನಲ್ಲಿ ನಿಂತ ಅನಾಕಿನ್, ತನ್ನ ಹೊಸ ಸಾಮ್ರಾಜ್ಯಕ್ಕೆ ಶಾಂತಿ ತಂದೆ ಎಂದು ಭಾಷಣ ಮಾಡುವಾಗ ನಾವು ಕಕ್ಕಾಬಿಕ್ಕಿಯಾಗುತ್ತೇವೆ. ನೀನು ಬಂದದ್ದು ಹೆಂಡತಿಗಾಗಿ ಅಲ್ಲವೇನಪ್ಪಾ, ಈ ಸಾಮ್ರಾಜ್ಯ ಎಲ್ಲಿಂದ ಬಂತು?

ಇನ್ನೊಂದು ಕಾರಣವನ್ನು ಮಹಾಭಾರತ ಓದಿದವರು ಥಟ್ಟನೆ ಹಿಡಿಯುತ್ತಾರೆ. ಮಲಗಿದ್ದ ಉಪಪಾಂಡವರನ್ನು ಕೊಂದ ಅಶ್ವತ್ಥಾಮನೂ ಮಕ್ಕಳ ರಕ್ತ ಹರಿಸಿದವನೇ. ಆದರೆ ಸೌಪ್ತಿಕ ಪರ್ವ ಅವನನ್ನು ನೇರವಾಗಿ ಶಿಬಿರಕ್ಕೆ ನುಗ್ಗಿಸುವುದಿಲ್ಲ. ಮೊದಲು ಆಲದ ಮರದ ಕೆಳಗೆ ನಿದ್ದೆ ಬಾರದೆ ಕೂರಿಸುತ್ತದೆ. ಕತ್ತಲಲ್ಲಿ ಒಂದು ಗೂಬೆ ಬಂದು ಮಲಗಿದ ಕಾಗೆಗಳನ್ನು ಕೊಲ್ಲುವುದನ್ನು ತೋರಿಸುತ್ತದೆ. ಅವನ ತಲೆಯಲ್ಲಿ ಉಪಾಯ ಹೊಳೆದ ಮೇಲೂ ಸೋದರಮಾವ ಕೃಪನನ್ನು ಎಬ್ಬಿಸಿ ವಾದಕ್ಕೆ ಹಚ್ಚುತ್ತದೆ. ಮಲಗಿದವರನ್ನು ಕೊಲ್ಲುವುದು ಅಧರ್ಮ, ಬೆಳಗಾಗಲಿ ಎನ್ನುತ್ತಾನೆ ಕೃಪ. ನನ್ನಪ್ಪನನ್ನು ಕೊಂದಾಗ ಧರ್ಮ ಎಲ್ಲಿತ್ತು ಎನ್ನುತ್ತಾನೆ ಅಶ್ವತ್ಥಾಮ. ಇಷ್ಟಾದ ಮೇಲೆ ಅವನು ರಥ ಏರಿದಾಗ ನಮಗೆ ಅವನ ಮೇಲೆ ಹೇಸಿಗೆ ಹುಟ್ಟಬಹುದು, ಅಪನಂಬಿಕೆ ಹುಟ್ಟುವುದಿಲ್ಲ. ಅನಾಕಿನ್‌ಗೆ ಲೂಕಸ್ ಆಲದ ಮರವನ್ನೂ ಕೊಡಲಿಲ್ಲ, ಕೃಪನನ್ನೂ ಕೊಡಲಿಲ್ಲ. ಓಬಿ-ವಾನ್ ಆ ಹೊತ್ತಿಗೆ ಬೇರೊಂದು ಗ್ರಹದಲ್ಲಿ ಯುದ್ಧಕ್ಕೆ ಹೋಗಿರುತ್ತಾನೆ. ಬೇಡ ಎನ್ನಲು ಯಾರೂ ಇಲ್ಲದ ಕಡೆ ಒಬ್ಬ ಹೂಂ ಎಂದರೆ ಅದರ ತೂಕ ತಿಳಿಯುವುದು ಹೇಗೆ?

2008ರಲ್ಲಿ ಶುರುವಾದ ‘ದ ಕ್ಲೋನ್ ವಾರ್ಸ್’ ಆನಿಮೇಷನ್ ಸರಣಿ ಈ ಕಂದಕವನ್ನು ತುಂಬಿತು ಎನ್ನುವವರಿದ್ದಾರೆ. ಅಲ್ಲಿ ಅನಾಕಿನ್‌ಗೆ ಅಸೋಕಾ ಟಾನೊ ಎಂಬ ಶಿಷ್ಯೆ. ಮಾಡದ ತಪ್ಪಿಗೆ ಜೆಡೈ ಮಂಡಳಿ ಅವಳನ್ನು ಹೊರಹಾಕುತ್ತದೆ, ತಪ್ಪಿಲ್ಲವೆಂದು ತಿಳಿದು ವಾಪಸು ಕರೆದಾಗ ಅವಳು ಒಲ್ಲೆನೆಂದು ಹೊರಟುಹೋಗುತ್ತಾಳೆ. ಅವಳನ್ನು ಮೆಟ್ಟಿಲವರೆಗೂ ಹಿಂಬಾಲಿಸುವ ಅನಾಕಿನ್‌ನನ್ನು ಕಂಡರೆ ಮುಂದಿನದು ನಿಜಕ್ಕೂ ಅರ್ಥವಾಗುತ್ತದೆ. ಸರಣಿ ಚೆನ್ನಾಗಿದೆ, ಒಪ್ಪಿದೆ. ಆದರೆ ಎರಡೂಕಾಲು ಗಂಟೆಯ ಚಿತ್ರವೊಂದನ್ನು ನಂಬಲು ನೂರಕ್ಕೂ ಹೆಚ್ಚು ಕಂತು ನೋಡಬೇಕು ಎನ್ನುವುದು ಚಿತ್ರದ ಪರವಾದ ಸಾಕ್ಷಿಯಲ್ಲ.

ಲೂಕಸ್ ಅವರಿಗೆ ತಮ್ಮ ನಾಯಕನ ಬಗ್ಗೆ ಒಂದು ಅಳುಕಿತ್ತು ಎಂದು ಊಹಿಸುತ್ತೇನೆ, ಅದು ಕಾಣುವುದು 1983ರ ‘ರಿಟರ್ನ್ ಆಫ್ ದ ಜೆಡೈ’ ಚಿತ್ರಕ್ಕೆ ಆಮೇಲೆ ಮಾಡಿದ ಬದಲಾವಣೆಗಳಲ್ಲಿ. ಮೂಲದಲ್ಲಿ ಚಕ್ರವರ್ತಿ ಪಾಲ್ಪಟೀನನ ಬೆರಳುಗಳಿಂದ ಮಿಂಚು ಹರಿದು ಲ್ಯೂಕ್ ನೆಲದ ಮೇಲೆ ಹೊರಳುತ್ತಿದ್ದಾನೆ. ಪಕ್ಕದಲ್ಲಿ ವೇಡರ್. ಅವನ ಮುಖವಾಡಕ್ಕೆ ಕಣ್ಣಿನ ಚಲನೆಯಿಲ್ಲ, ತುಟಿಯಿಲ್ಲ. ಶಿರಸ್ತ್ರಾಣ ಒಮ್ಮೆ ಮಗನ ಕಡೆ ತಿರುಗುತ್ತದೆ, ಒಮ್ಮೆ ಯಜಮಾನನ ಕಡೆ. ಆಮೇಲೆ ಮಾತಿಲ್ಲದೆ ಯಜಮಾನನನ್ನು ಎತ್ತಿ ಆಳಕ್ಕೆ ಎಸೆಯುತ್ತಾನೆ. 2011ರ ಬ್ಲೂ-ರೇ ಪ್ರತಿಯಲ್ಲಿ ಈ ಜಾಗಕ್ಕೆ ವೇಡರ್‌ನ ಬಾಯಿಂದ ಬೇಡ ಬೇಡ ಎಂಬ ಕೂಗು ಸೇರಿಸಲಾಯಿತು. ಪ್ರೇಕ್ಷಕನ ತಲೆಯಲ್ಲಿ ಆಗಲೇ ಮೊಳಗುತ್ತಿದ್ದದ್ದನ್ನು ಸ್ಪೀಕರಿನಲ್ಲೂ ಕೇಳಿಸಿದರು.

ಅದಕ್ಕಿಂತ ನನಗೆ ಸಿಟ್ಟು ಬರಿಸುವುದು 2004ರ ಡಿವಿಡಿಯಲ್ಲಿ ಮಾಡಿದ ಇನ್ನೊಂದು ಬದಲಾವಣೆ. ಮೂಲ ಚಿತ್ರದ ಕೊನೆಯಲ್ಲಿ ಲ್ಯೂಕ್‌ಗೆ ಕಾಣುವ ತಂದೆಯ ಆತ್ಮ ವಯಸ್ಸಾದ ಸೆಬಾಸ್ಟಿಯನ್ ಶಾ ಅವರದು, ಎಲ್ಲ ಮಾಡಿ ಮುಗಿಸಿದವನ ಮುಖ. ಅದನ್ನು ತೆಗೆದು ಯುವಕ ಕ್ರಿಸ್ಟೆನ್ಸೆನ್ ಮುಖ ಕೂರಿಸಿದರು. ನಡುವಿನ ಇಪ್ಪತ್ತಕ್ಕೂ ಹೆಚ್ಚು ವರ್ಷ ವೇಡರ್ ಆಗಿ ಬದುಕಿದವನು ಬೇರೆ ಯಾರೋ ಎಂಬಂತೆ. ಈಗ ಸಿಗುವ ಅಧಿಕೃತ ಪ್ರತಿಗಳಲ್ಲಿ ಇರುವುದು ಈ ಯುವಕನೇ.