ತುಂಬಿದ ಮನೆ ಮತ್ತು ಹಿರಿಯಕ್ಕನ ಆರೋಗ್ಯ

ಸಿದ್ಧಗಂಗೆಯ ಲಿಂಗೈಕ್ಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರು 1907ರ ಏಪ್ರಿಲ್ 1ರಂದು ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹೊನ್ನೇಗೌಡ ಮತ್ತು ಗಂಗಮ್ಮ ದಂಪತಿಗಳ ಹದಿಮೂರನೆಯ ಮಗುವಾಗಿ ಜನಿಸಿದರೆಂಬುದು ಭಕ್ತರು ಬಲ್ಲ ಸಂಗತಿ. ಈ ಸಂಖ್ಯೆ ಇಂದಿನವರಿಗೆ ಬೆರಗು ಹುಟ್ಟಿಸಬಹುದು. ಆದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಎರಡು ತಲೆಮಾರುಗಳ ಹಿಂದೆ ಏಳೆಂಟು ಮಕ್ಕಳಿರುವ ಮನೆ ಅಪರೂಪವೇನೂ ಆಗಿರಲಿಲ್ಲ.

ರೇಷ್ಮೆ ಸಾಕುವ ಮನೆಗಳಲ್ಲಂತೂ ಹುಳುಗಳು ನಾಲ್ಕನೆಯ ಜ್ವರದಿಂದ ಎದ್ದವೆಂದರೆ ನಡುಮನೆಯೆಲ್ಲ ತಟ್ಟೆಗಳಿಗೇ ಮೀಸಲು. ಮಕ್ಕಳ ಹಾಸಿಗೆ ಜಗಲಿಗೆ. ದೊಡ್ಡವನು ಹಿಪ್ಪುನೇರಳೆ ಸೊಪ್ಪು ತರುವನು, ನಡುವಿನವರು ಹುಳುಗಳಿಗೆ ಮೇವು ಹಾಕುವರು, ಹಿರಿಯಕ್ಕ ಕೂಸನ್ನು ಕಂಕುಳಲ್ಲಿಟ್ಟುಕೊಂಡೇ ಮುದ್ದೆ ತೊಳಸುವಳು. ಹಂಚಿ ತಿನ್ನುವುದನ್ನೂ ಸರದಿ ಕಾಯುವುದನ್ನೂ ಯಾರೂ ಪ್ರತ್ಯೇಕವಾಗಿ ಕಲಿಸಬೇಕಾಗಿರಲಿಲ್ಲ.

ಒಂದೇ ಕಂಬಳಿಯಡಿ ಮಲಗಿದವರಿಗೆ ಕಾಯಿಲೆಯೂ ಪಾಲಾಗುತ್ತಿತ್ತು. ಕಜ್ಜಿ, ಕಣ್ಣುಬೇನೆ, ದಡಾರ ಒಬ್ಬರಿಗೆ ಬಂದರೆ ಉಳಿದವರಿಗೂ ಬರುತ್ತಿದ್ದವು. ಸ್ಪರ್ಶ, ಉಸಿರು, ಸಹಭೋಜನ, ಒಂದೇ ಹಾಸಿಗೆ, ಒಬ್ಬರು ಉಟ್ಟ ಬಟ್ಟೆ ಇವುಗಳಿಂದ ಜ್ವರ, ಕ್ಷಯ, ನೇತ್ರರೋಗಗಳು ಹರಡುವುದನ್ನು ಸುಶ್ರುತಸಂಹಿತೆಯ ನಿದಾನಸ್ಥಾನವು ಬಹು ಹಿಂದೆಯೇ ತಿಳಿಸಿದೆ. ಇನ್ನೊಂದು ಮುಖವೂ ಉಂಟು. ಅಣ್ಣ ಅಕ್ಕಂದಿರು ಹೆಚ್ಚಾಗಿದ್ದ ಮಕ್ಕಳಲ್ಲಿ ಪರಾಗದ ಅಲರ್ಜಿಯಿಂದಾಗುವ ನೆಗಡಿ ಕಡಿಮೆಯೆಂಬುದನ್ನು 1989ರಲ್ಲಿ ಬ್ರಿಟನ್ನಿನ ಡೇವಿಡ್ ಸ್ಟ್ರಾಚನ್ 17 ಸಾವಿರಕ್ಕೂ ಹೆಚ್ಚು ಮಕ್ಕಳ ಅಧ್ಯಯನದಿಂದ ತೋರಿಸಿದರು. ಹಾಗೆಂದು ಕೊಳೆಯೇ ಔಷಧವೆಂದು ಭಾವಿಸಲಾಗದು. ಲಸಿಕೆಯನ್ನೂ ಕೈ ತೊಳೆಯುವುದನ್ನೂ ಬಿಡಲಾಗದು.

ಇಷ್ಟೆಲ್ಲ ಹೇಳುವಾಗ ನಾವು ಮರೆಯುವುದು ಆ ಮನೆಯ ಹಿರಿಯಕ್ಕನನ್ನು. ತಾಯಿ ಬಾಣಂತನದಲ್ಲಿದ್ದಾಗ ಮನೆ ನಡೆದದ್ದು ಅನೇಕ ವೇಳೆ ಆಕೆಯ ಶಾಲೆಯ ಬೆಲೆಗೆ. ಎಲ್ಲರಿಗೂ ಬಡಿಸಿ ಉಳಿದುದನ್ನು ಉಂಡವಳು ಆಕೆ. ಇಂದು ಅರವತ್ತು ಎಪ್ಪತ್ತರ ಆ ತಾಯಂದಿರು ಚಿಕಿತ್ಸಾಲಯಕ್ಕೆ ಬರುವುದು ತಮ್ಮನ ಕೆಮ್ಮಿಗೋ ಮೊಮ್ಮಗನ ಜ್ವರಕ್ಕೋ. ತಮ್ಮ ಮಂಡಿನೋವನ್ನು ಹೊರಡುವಾಗ ಬಾಗಿಲ ಬಳಿ ನಿಂತು ಹೇಳುವರು. ಕೇಳಿದರೆ, "ನನಗೇನಾಗಿದೆ ಬಿಡಿ ಡಾಕ್ಟ್ರೇ" ಎನ್ನುವರು.

ಅಂಥವರಲ್ಲಿ ರಕ್ತಹೀನತೆ, ಮೂಳೆ ಸವೆತ, ಮಧುಮೇಹ, ರಕ್ತದೊತ್ತಡಗಳು ಸದ್ದಿಲ್ಲದೆ ಬೆಳೆದಿರಬಹುದು. ಆದುದರಿಂದ ತಮ್ಮ ತಂಗಿಯರಲ್ಲಿ ನನ್ನ ವಿನಂತಿ ಇಷ್ಟೆ: ವರ್ಷಕ್ಕೊಮ್ಮೆಯಾದರೂ ಅಕ್ಕನನ್ನು ಕರೆದೊಯ್ದು ರಕ್ತ, ಸಕ್ಕರೆ, ರಕ್ತದೊತ್ತಡ, ಕಣ್ಣುಗಳ ಪರೀಕ್ಷೆ ಮಾಡಿಸಿರಿ. ರಾಗಿ, ಸೊಪ್ಪು, ಕಾಳು, ಹಾಲು ಆಕೆಯ ಊಟದಲ್ಲಿ ಇರಲಿ. ವಾರಕ್ಕೊಮ್ಮೆ ಬೆಚ್ಚನೆಯ ಎಳ್ಳೆಣ್ಣೆಯ ಅಭ್ಯಂಗವಾಗಲಿ. ಹಬ್ಬಕ್ಕೆ ಎಲ್ಲರೂ ಸೇರಿದಾಗ ಆಕೆಯನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ, ನೀವು ಬಡಿಸಿರಿ.